ತಾಯಿ-ಮಗುವಿನ ನಡುವಣ ಬಾಗಿಲು

ನಮ್ಮ ಹಿಂದಿನವರು ಜೀವರಾಶಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಮೊಟ್ಟೆಯೊಡೆದು ಬರುವ ಹಕ್ಕಿ ಅಂಡಜ. ನೆಲವನ್ನು ಸೀಳಿ ಏಳುವ ಸಸ್ಯ ಉದ್ಭಿಜ್ಜ. ಮನುಷ್ಯನು ಜರಾಯುಜರ ಸಾಲಿಗೆ ಸೇರಿದವನು. ಗರ್ಭವನ್ನು ಹೊದೆದ ಪೊರೆಗೆ ಅಂದು ಸಲ್ಲುತ್ತಿದ್ದ ಜರಾಯು ಎಂಬ ಹೆಸರು ಇಂದಿನ ವೈದ್ಯಶಾಸ್ತ್ರದಲ್ಲಿ, ಸೂಲಗಿತ್ತಿಯರು ‘ಮಾಸು’ ಎಂದು ಕರೆಯುವ ಅಂಗಕ್ಕೆ ನಿಂತಿದೆ.

ದಿನ ತುಂಬಿದಾಗ ಜರಾಯು ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಅದರ ಒಂದು ಮೈ ಗರ್ಭಾಶಯದ ಗೋಡೆಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಮೈಯಿಂದ ಹೊಕ್ಕುಳಬಳ್ಳಿ ಹೊರಟು ಮಗುವನ್ನು ಸೇರುತ್ತದೆ. ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆತು ಹರಿಯುತ್ತವೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಎರಡರ ನಡುವೆ ಒಂದು ತೆಳುವಾದ ಪೊರೆಯಿದೆ. ಆಮ್ಲಜನಕ, ಸಕ್ಕರೆ, ಸುಣ್ಣ, ಕಬ್ಬಿಣಗಳು ಅದನ್ನು ದಾಟಿ ಮಗುವನ್ನು ಮುಟ್ಟುತ್ತವೆ. ಕಲ್ಮಷಗಳು ತಾಯಿಯ ರಕ್ತಕ್ಕೆ ಮರಳುತ್ತವೆ. ಹುಟ್ಟುವ ತನಕ ಮಗುವಿನ ಪಾಲಿಗೆ ಜರಾಯುವೇ ಶ್ವಾಸಕೋಶ, ಅದೇ ಕರುಳು, ಅದೇ ಮೂತ್ರಪಿಂಡ. ಬಸಿರು ನಿಲ್ಲಲು ಬೇಕಾದ ಹಾರ್ಮೋನುಗಳನ್ನೂ ಅದು ಸ್ರವಿಸುತ್ತದೆ.

ಈ ಪೊರೆಯು ವಿಷವನ್ನು ತಡೆಯುವ ಕೋಟೆಯೆಂದು ಬಹುಕಾಲ ನಂಬಲಾಗಿತ್ತು. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದ 1957ನೆಯ ವರ್ಷದಲ್ಲಿಯೇ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆ ಮಾರಾಟಕ್ಕೆ ಬಂದಿತು. ನಿರಪಾಯಕಾರಿಯೆಂದು ಸಾರಲಾದ ಅದನ್ನು ಅನೇಕ ದೇಶಗಳ ಬಸುರಿಯರು ವಾಕರಿಕೆಗೂ ನುಂಗಿದರು. 1961ರಲ್ಲಿ ವಿಡುಕಿಂಡ್ ಲೆಂಟ್ಸ್ ಎಂಬ ಜರ್ಮನ್ ವೈದ್ಯರು ಎಚ್ಚರಿಸಿ, ಔಷಧವನ್ನು ಹಿಂದೆಗೆದುಕೊಳ್ಳುವ ವೇಳೆಗೆ ಅನಾಹುತವಾಗಿಹೋಗಿತ್ತು. ಕೈಕಾಲುಗಳು ಬೆಳೆಯದೆ ಹುಟ್ಟಿದ ಮಕ್ಕಳ ಸಂಖ್ಯೆ ಸಾವಿರಗಳನ್ನು ಮೀರಿತ್ತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಪುರಾವೆ ಸಾಲದೆಂದು ಅದರ ಮಾರಾಟಕ್ಕೆ ಒಪ್ಪಿಗೆ ಕೊಡದೆ ನಿಂತರು.

ಜರಾಯು ಕೋಟೆಯಲ್ಲ, ಬಾಗಿಲು ಎಂಬುದನ್ನು ಲೋಕವು ಹೀಗೆ ಕಲಿತುಕೊಂಡಿತು. ಆದರೆ ಈ ಬಾಗಿಲಿನಲ್ಲಿ ಬರುವುದು ಕೇಡು ಮಾತ್ರವಲ್ಲ. ತಾಯಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರೆ, ಅವಳ ರಕ್ತದಲ್ಲಿ ಮೂಡಿದ ರೋಗನಿರೋಧಕ ಕಣಗಳು ಇದನ್ನೇ ದಾಟಿ ಹಸುಗೂಸನ್ನು ಕಾಯುತ್ತವೆ. ಶುಚಿಯಾದ ಹೆರಿಗೆಯೂ ಈ ಚುಚ್ಚುಮದ್ದೂ ಕೂಡಿದ್ದರಿಂದ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು 2015ರಲ್ಲಿ ನಿವಾರಿಸಿತೆಂದು ಘೋಷಿಸಲಾಯಿತು.

ಆದುದರಿಂದ ಎರಡು ತಪ್ಪುಗಳಿಂದಲೂ ದೂರವಿರಬೇಕು. ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯನ್ನು ನುಂಗುವುದು ಮೊದಲನೆಯ ತಪ್ಪು. ನೋವಿಗೆಂದು ಕೊಳ್ಳುವ ಐಬುಪ್ರೊಫೆನ್ 20 ವಾರಗಳ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿನ ಬಣ್ಣವನ್ನು ಕೆಡಿಸಬಲ್ಲದು. ನಾಟಿ ಮದ್ದು, ಹೊಗೆಸೊಪ್ಪುಗಳಿಗೂ ಇದೇ ಎಚ್ಚರ ಬೇಕು. ಹೆದರಿ ಎಲ್ಲ ಔಷಧವನ್ನೂ ಬಿಟ್ಟುಬಿಡುವುದು ಎರಡನೆಯ ತಪ್ಪು. ಮೂರ್ಛೆರೋಗ, ಸಿಹಿಮೂತ್ರ, ರಕ್ತದೊತ್ತಡ ಇರುವವಳು ಮದ್ದನ್ನು ತಾನಾಗಿ ನಿಲ್ಲಿಸಿದರೆ ಇಬ್ಬರ ಜೀವಕ್ಕೂ ಅಪಾಯ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಸಾಧ್ಯವಾದರೆ ಬಸಿರಾಗುವ ಮೊದಲೇ ಅವರನ್ನು ಕಾಣುವುದು ಲೇಸು. ಏಕೆಂದರೆ ಮಗುವಿನ ಅಂಗಗಳು ಮೊದಲ ವಾರಗಳಲ್ಲಿಯೇ ರೂಪುಗೊಳ್ಳುತ್ತವೆ. ಮಗುವಿನ ಮೆದುಳು, ಬೆನ್ನುಹುರಿಗಳನ್ನು ಕಾಯುವ ಫೋಲಿಕ್ ಆಮ್ಲದ ಗುಳಿಗೆಯನ್ನು ಆಗಿನಿಂದಲೇ ತೆಗೆದುಕೊಳ್ಳಬೇಕು. ಕಬ್ಬಿಣಾಂಶದ ಗುಳಿಗೆಗಳನ್ನು ಹೇಳಿದಷ್ಟು ದಿನವೂ ಬಿಡದೆ ಸೇವಿಸಬೇಕು.

ಧಾರವಾಡದ ಸೀಮೆಯಲ್ಲಿ ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಅವಳು ಬಯಸಿದ್ದನ್ನು ಉಣಿಸುತ್ತಾರೆ. ಅದು ಅಕ್ಕರೆಯ ಆಚಾರ. ಅವಳು ಏನನ್ನು ನುಂಗುತ್ತಿದ್ದಾಳೆ, ಅದನ್ನು ಯಾರನ್ನು ಕೇಳಿ ನುಂಗುತ್ತಿದ್ದಾಳೆ ಎಂದು ವಿಚಾರಿಸುವುದೂ ಆ ಅಕ್ಕರೆಯ ಒಂದು ಭಾಗವಾಗಬೇಕು. ಜರಾಯುವಿನ ಬಾಗಿಲನ್ನು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಅದರ ಮುಂದೆ ಏನನ್ನು ತಂದಿಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.