ಕಾಣದ ಬೋಯಾ

ತಮ್ಮಾ, ಬರುವ ವಾರ ಹಡಗು ಹತ್ತುತ್ತೀಯಂತೆ. ಅಮ್ಮ ಚಕ್ಕುಲಿ ಡಬ್ಬಿ ಕಟ್ಟಿಕೊಡುತ್ತಾಳೆ, ಅಪ್ಪ ದುಡ್ಡಿನ ಲೆಕ್ಕ ಹೇಳಿಕೊಡುತ್ತಾರೆ. ನೌಕಾಪಡೆಯಲ್ಲಿ ತಲೆ ನರೆಸಿಕೊಂಡ ಈ ಸೋದರಮಾವನ ಹತ್ತಿರ ಇರುವುದು ಒಂದೇ ಮಾತು: ಬ್ರಿಡ್ಜ್ ಮೇಲೆ ವಾಚ್‌ಗೆ, ಅಂದರೆ ಪಾಳಿಯ ಕಾವಲಿಗೆ, ನಿಂತಾಗ ಜಿಪಿಎಸ್ ಪರದೆ ಹೇಳಿದ್ದನ್ನು ಇನ್ನೊಂದರ ಜೊತೆ ತಾಳೆ ನೋಡು.

ಮುದುಕನ ಹಳೇ ರಾಗ ಅನ್ನಬೇಡ. ಹಡಗು ಎಲ್ಲಿದೆ ಎಂದು ತಿಳಿಯಲು ಮಳೆಗಾಲದ ಮುಸ್ಸಂಜೆ ಮೋಡದ ಸಂದಿಯಲ್ಲಿ ಒಂದೇ ಒಂದು ನಕ್ಷತ್ರ ಕಂಡೀತೇ ಎಂದು ಕಾದವರು ನಾವು. ಜಿಪಿಎಸ್ ಬಂದಾಗ ನಮ್ಮಷ್ಟು ಖುಷಿಪಟ್ಟವರು ಇರಲಿಕ್ಕಿಲ್ಲ.

ಆದರೂ ಈ ಕಥೆ ಕೇಳು. 1995ರ ಜೂನ್‌ನಲ್ಲಿ ‘ರಾಯಲ್ ಮೆಜೆಸ್ಟಿ’ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತ್ತು. ಬಂದರು ಬಿಟ್ಟು ತಾಸು ತುಂಬಿರಲಿಲ್ಲ, ಜಿಪಿಎಸ್ ಆಂಟೆನಾದ ತಂತಿ ಕಳಚಿತು. ಯಂತ್ರ ಸುಮ್ಮನಾಗಿದ್ದರೆ ಒಳ್ಳೆಯದಿತ್ತು. ಅದು ವೇಗ, ದಿಕ್ಕು ಹಿಡಿದು ಅಂದಾಜು ಕಟ್ಟುತ್ತ ಹೋಯಿತು. ಹಾಗೆಂದು ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಹೇಳಿಯೂ ಇತ್ತು. ಗಾಳಿ, ಪ್ರವಾಹ ಹಡಗನ್ನು ಪಕ್ಕಕ್ಕೆ ತಳ್ಳಿದ್ದು ಆ ಅಂದಾಜಿಗೆ ಸಿಗಲಿಲ್ಲ. ಅಲ್ಲೇ ಇದ್ದ, ರೇಡಿಯೋ ಸಂಕೇತ ಹಿಡಿದು ಜಾಗ ಹೇಳುವ ಲೋರಾನ್ ಯಂತ್ರ ಸರಿಯಾದ ಜಾಗವನ್ನೇ ತೋರಿಸುತ್ತಿತ್ತು. ಒಂದೂವರೆ ದಿನ ಎರಡನ್ನೂ ತಾಳೆ ನೋಡಿದವರಿಲ್ಲ! ದಾರಿ ತೋರಲು ನೀರಲ್ಲಿ ತೇಲಿಬಿಟ್ಟ ಗುರುತು, ಅಂದರೆ ಬೋಯಾ, ಕಂಡಿತಾ ಎಂದು ಕ್ಯಾಪ್ಟನ್ ಕೇಳಿದರೆ ವಾಚ್‌ನಲ್ಲಿದ್ದ ಅಧಿಕಾರಿ ಕಂಡಿತು ಅಂದ. ಕಂಡಿರಲಿಲ್ಲ. ಮುಂದೆ ನೀರು ನೀಲಿ-ಬಿಳಿಯಾಗಿದೆ ಎಂದು ಕಣ್ಗಾವಲಿನವನು ಕೂಗಿದರೂ ಯಾರೂ ಚುಕ್ಕಾಣಿ ತಿರುಗಿಸಲಿಲ್ಲ. ನಾಂಟುಕೆಟ್ ದ್ವೀಪದ ಹತ್ತಿರ ಮರಳುದಿಬ್ಬ ಏರಿದಾಗ ಹಡಗು ತನ್ನ ದಾರಿಯಿಂದ 17 ಮೈಲಿ ಆಚೆಗಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ನನಗೆ ಆ ಬೋಯಾದ ಮಾತೇ ಇವತ್ತಿಗೂ ಚುಚ್ಚುತ್ತದೆ. ಆ ಅಧಿಕಾರಿ ಸುಳ್ಳುಗಾರನೆಂದು ನನಗೆ ಅನ್ನಿಸುವುದಿಲ್ಲ. ನಿದ್ದೆಗೆಟ್ಟ ರಾತ್ರಿಗಳಲ್ಲಿ, ಸಮುದ್ರದ ನಕ್ಷೆಯಲ್ಲಿ, ಅಂದರೆ ಚಾರ್ಟ್‌ನಲ್ಲಿ, ಇದೆ ಎಂಬ ಒಂದೇ ಕಾರಣಕ್ಕೆ, ಇಲ್ಲದ ದೀಪವನ್ನು ನಾನೂ ಕಂಡಿದ್ದುಂಟು.

ಚಾರ್ಟ್ ಕೂಡ ತಪ್ಪಬಹುದು ಮಾರಾಯ. 2013ರಲ್ಲಿ ಅಮೆರಿಕದ ನೌಕಾಪಡೆಯ ‘ಗಾರ್ಡಿಯನ್’ ಹಡಗು ಫಿಲಿಪ್ಪೀನ್ಸ್‌ನ ಟುಬ್ಬಟಾಹ ಹವಳದಿಬ್ಬಕ್ಕೆ ಸಿಕ್ಕಿಕೊಂಡಿತು. ಡಿಜಿಟಲ್ ಚಾರ್ಟ್ ಆ ದಿಬ್ಬವನ್ನೇ ಸುಮಾರು 8 ಮೈಲಿ ಆಚೆ ಕೂರಿಸಿತ್ತು. ಹಡಗನ್ನು ಕೊನೆಗೆ ತುಂಡು ಮಾಡಿಯೇ ತೆಗೆಯಬೇಕಾಯಿತು. ಅದೇ ದೇಶದ ನೌಕಾ ಅಕಾಡೆಮಿ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು 1998ರಲ್ಲಿ ಕೈಬಿಟ್ಟು, 2015ರಲ್ಲಿ ಮತ್ತೆ ತಂದಿತು.

ಆದ್ದರಿಂದ ದಡ ಕಾಣುವಾಗ ದೀಪಸ್ತಂಭದ ದಿಕ್ಕನ್ನು ನೀನೇ ಅಳೆದು ಪೆನ್ಸಿಲ್ ಗೆರೆ ಎಳೆ. ಚಾರ್ಟ್‌ನ ಆಳ, ಹಡಗಿನಡಿಯ ಆಳ ಹೊಂದುತ್ತವೆಯೇ ನೋಡು. ಹೊಂದದಿದ್ದರೆ ಮೊದಲು ವೇಗ ಇಳಿಸು, ಆಮೇಲೆ ಕ್ಯಾಪ್ಟನ್‌ರನ್ನು ಎಬ್ಬಿಸು, ಬೈದರೆ ಬೈಸಿಕೋ.

ಹೊರಡುವ ಮೊದಲು, ಮೋಡವಿಲ್ಲದ ಒಂದು ಸಂಜೆ ಕಾರವಾರದ ಬೀಚಿಗೆ ಬಾ. ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಾವು ನಿಂತ ಜಾಗದ ಅಕ್ಷಾಂಶ. ಚಾಚಿದ ಕೈಯ ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ನಮ್ಮೂರಲ್ಲಿ ಧ್ರುವ ಒಂದೂವರೆ ಮುಷ್ಟಿಯ ಆಸುಪಾಸು. ಮೊಬೈಲನ್ನೂ ತಾ. ನನ್ನ ಮುಷ್ಟಿ ಎಷ್ಟು ತಪ್ಪಿತು ಅಂತ ನೋಡಬೇಕಲ್ಲ.