ಅನ್ನದಾನ: ಪಾತ್ರೆ ಇಳಿಸುವ ಮುಂಚೆ ಒಂದು ಫೋನ್



ಕಳೆದ ವಾರ ಗುರುಸ್ವಾಮಿಗಳು ಇರುಮುಡಿ ಕಟ್ಟುವ ಬಗ್ಗೆ ಬರೆದಿದ್ದರು. ಈ ವಾರ ಅನ್ನದಾನದ ಬಗ್ಗೆ ನನಗೆ ಬರೆಯಲು ಹೇಳಿದ್ದಾರೆ. ಪುಣೆಯಲ್ಲಿ ನಮ್ಮ ಗುಂಪಿನ ಚಂದಾ ಲೆಕ್ಕ ನೋಡುವವನು ನಾನು. ಅದರಲ್ಲಿ ದೊಡ್ಡ ತಪ್ಪು ಮಾಡಿದವನೂ ನಾನೇ.

ಶರಣು ಕೂಗುವಾಗ ಅಯ್ಯಪ್ಪನನ್ನು ಅನ್ನದಾನ ಪ್ರಭು ಅನ್ನುತ್ತೇವೆ. ಪಡಿಪೂಜೆ ದಿನ ಊಟ ಹಾಕುತ್ತೇವೆ. ಉಣ್ಣುವವರು ಬಹುಪಾಲು ನಾವೇ, ನಮ್ಮ ಮನೆಯವರೇ. ಅದು ತಪ್ಪಲ್ಲ. ಆದರೂ ಎರಡು ವರ್ಷದ ಹಿಂದೆ ಹಸಿದ ಮಕ್ಕಳಿಗೆ ಹಾಕೋಣ ಅನ್ನಿಸಿತು. ಚಂದಾ ಎತ್ತಿ, ಪುಳಿಯೋಗರೆ ಪಾಯಸ ಮಾಡಿಸಿ, ಟೆಂಪೋದಲ್ಲಿ ಹತ್ತಿರದ ಶಾಲೆಗೆ ಒಯ್ದೆವು. ಮಕ್ಕಳು ಆಗಲೇ ಶಾಲೆಯ ಖಿಚಡಿ ತಿಂದು ಕೈ ತೊಳೆದುಕೊಂಡಿದ್ದರು. ನಮ್ಮ ಮುಖ ನೋಡಿ ಎರಡು ತುತ್ತು ತಿಂದರು, ಪಾಪ. ಉಳಿದ ಪಾಯಸ ಸಂಜೆಗೆ ಹುಳಿಯಾಯಿತು. ವ್ರತದಲ್ಲಿದ್ದು ಅನ್ನ ಚೆಲ್ಲಿದೆವು.

ಮುಖ್ಯೋಪಾಧ್ಯಾಯಿನಿ ಬೈಯಲಿಲ್ಲ. "ಮೊದಲೇ ಫೋನ್ ಮಾಡಿದ್ದರೆ ಇವತ್ತು ನಾವು ಒಲೆ ಹಚ್ಚುತ್ತಿರಲಿಲ್ಲ. ಮಧ್ಯಾಹ್ನ ಇಲ್ಲಿ ಊಟ ಇದೆ. ನೀವು ಸೋಮವಾರ ಬೆಳಿಗ್ಗೆ ಬಂದು ನೋಡಿ" ಅಂದರು. ಹೋದೆವು. ಪ್ರಾರ್ಥನೆ ಮುಗಿಯುವ ಮೊದಲೇ ಮೂರನೇ ತರಗತಿಯ ಹುಡುಗನೊಬ್ಬ ನೆಲಕ್ಕೆ ಕೂತುಬಿಟ್ಟ. ಬೆಳಿಗ್ಗೆ ಏನು ತಿಂದೆ ಅಂದರೆ "ಚಹಾ" ಅಂದ. ಭಾನುವಾರ ಶಾಲೆಯ ಊಟ ಇರುವುದಿಲ್ಲ. ಅವನು ಕಾಯುತ್ತಿದ್ದದ್ದು ಸೋಮವಾರದ ಮಧ್ಯಾಹ್ನಕ್ಕೆ.

ಈಗ ಪಾಠಕ್ಕೆ ಬರುತ್ತೇನೆ. ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಜನರೂ ಕೈ ಸೇರಿಸಲು ದಾರಿ ಇದೆ, ಅದಕ್ಕೆ ತಿಥಿ ಭೋಜನ ಅನ್ನುತ್ತಾರೆ. ಗುಜರಾತಿನಲ್ಲಿ ಶುರುವಾದದ್ದು. ಮಹಾರಾಷ್ಟ್ರದಲ್ಲಿ ಸ್ನೇಹ ಭೋಜನ, ನಮ್ಮ ಕರ್ನಾಟಕದಲ್ಲಿ "ಶಾಲೆಗಾಗಿ ನಾವು ನೀವು", ಪುದುಚೇರಿಯಲ್ಲಂತೂ ಅನ್ನದಾನಂ ಎಂದೇ ಹೆಸರು. ಪೂರ್ತಿ ಊಟ ಕೊಡಬಹುದು, ಇಲ್ಲವೇ ಇರುವ ಊಟಕ್ಕೆ ಒಂದು ಪದಾರ್ಥ ಸೇರಿಸಬಹುದು. ಶಾಲೆಯ ಒಪ್ಪಿಗೆ ಮೊದಲು. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಅಳತೆಯೂ ಗೊತ್ತಿರಲಿ. ಪ್ರಾಥಮಿಕ ಶಾಲೆಯ ಮಗುವಿಗೆ ಒಂದು ಊಟಕ್ಕೆ ಸರ್ಕಾರದ ಲೆಕ್ಕ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50. ನಾವು ಅಂದು ಮದುವೆ ಮನೆ ಅಂದಾಜಿನಲ್ಲಿ ಬೇಯಿಸಿದ್ದೆವು.

ಈಗ ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಒಂದು ಬಾಳೆಹಣ್ಣು, ಒಂದು ಶೇಂಗಾ ಚಿಕ್ಕಿ. 84 ಮಕ್ಕಳು, ಅಂದರೆ ಏಳು ಡಜನ್ ಹಣ್ಣು. ಶೇಂಗಾ ಆಗದ ಮಕ್ಕಳು ಯಾರೆಂದು ಟೀಚರ್ ಹತ್ತಿರ ಕೇಳಿ ಅವರಿಗೆ ಎರಡನೇ ಹಣ್ಣು. ಮಗುವಿಗೆ 15 ರೂಪಾಯಿಯಂತೆ 1,260 ಆಗುತ್ತದೆ. 21 ಸ್ವಾಮಿಗಳು ಹಂಚಿಕೊಂಡರೆ ತಲಾ 60, ಮೂರು ವಡಾಪಾವ್ ದುಡ್ಡು.

ದುಡ್ಡಿನ ವಿಷಯದಲ್ಲಿ ಮೊದಲ ವರ್ಷ ನನ್ನ ಸಂಬಳದ ಖಾತೆಗೇ ಹಾಕಿಸಿಕೊಂಡು ಬಾಡಿಗೆ ಯಾವುದು, ಚಂದಾ ಯಾವುದು ತಿಳಿಯದೆ ಒದ್ದಾಡಿದೆ. ಬೇರೆ ಖಾತೆ ಇಡಿ. ಬಂದದ್ದು, ಹೋದದ್ದು, ಬಿಲ್ಲಿನ ಫೋಟೋ ಅದೇ ರಾತ್ರಿ ಗುಂಪಿಗೆ ಹೋಗಲಿ. ನೋಂದಣಿ ಇಲ್ಲದ ನಮ್ಮಂಥ ಗುಂಪು 80ಜಿ ರಸೀದಿ ಕೊಡಲಾಗದು, ಚಂದಾ ಕೇಳುವಾಗಲೇ ಹೇಳಿಬಿಡಿ. ಬಿಲ್ಲಿನ ಫೋಟೋ ಸಾಕು, ಕೈ ಚಾಚಿದ ಮಕ್ಕಳ ಫೋಟೋ ಬೇಡ. ನಮ್ಮ ಮನೆಯ ಮಣಿಕಂಠನ ಫೋಟೋ ಹಾಗೆ ಹಾಕುತ್ತೇವೆಯೇ?

ಶುರು ಮಾಡುವಾಗ ಆ ಮೇಡಂ ಒಂದೇ ಪ್ರಶ್ನೆ ಕೇಳಿದ್ದರು: "ಮಕರಜ್ಯೋತಿ ಆದಮೇಲೂ ಬರುತ್ತೀರಾ?" ಮಾಲೆ ಬಿಚ್ಚಿದ ಮೇಲೆ 21 ಜನ 9 ಆದರು. ಆ 9 ಜನ ತಲಾ 140 ಹಾಕಿ ಪರೀಕ್ಷೆ ಮುಗಿಯುವವರೆಗೂ ನಡೆಸಿದೆವು. ಈ ಸಲ ಮಾಲೆ ಹಾಕುವ ದಿನವೇ ಏಪ್ರಿಲ್‌ವರೆಗಿನ ಪಟ್ಟಿ ಮಾಡಿದ್ದೇವೆ. ಫೆಬ್ರವರಿಯ ಎರಡು ಸೋಮವಾರಗಳ ಮುಂದೆ ಇನ್ನೂ ಹೆಸರಿಲ್ಲ. ಪುಣೆಯ ಕನ್ನಿಸ್ವಾಮಿಗಳು ಯಾರಾದರೂ ಬರೆಸಿ, ಮಾರ್ಕೆಟ್ ಯಾರ್ಡಿಗೆ ಹಣ್ಣು ತರಲು ನಾನೂ ಜೊತೆಗೆ ಬರುತ್ತೇನೆ.

ಸ್ವಾಮಿಯೇ ಶರಣಂ ಅಯ್ಯಪ್ಪ.