ಚಾಪೆಯ ಹಾಸುಹೊಕ್ಕು

ದಿನವೂ ಬಳಸುವ ವಸ್ತುವಿನ ವಿಚಾರದಲ್ಲಿ ನಮಗೆ ಕುತೂಹಲ ಹುಟ್ಟುವುದು ಅಪರೂಪ. ಚಾಪೆ ಅಂಥದೊಂದು ವಸ್ತು. ಮನೆಗೆ ಬಂದವರಿಗೆ ಕುಳಿತುಕೊಳ್ಳಲು ಅದನ್ನು ಹಾಸುತ್ತೇವೆ. ರಾತ್ರಿ ಮಲಗಲು ಬಿಚ್ಚುತ್ತೇವೆ. ಬೆಳಗಾದರೆ ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸುತ್ತೇವೆ. ಅದರಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಆದರೂ ವರ್ಷಗಟ್ಟಲೆ ಬಿಚ್ಚಿಹೋಗದೆ ಉಳಿಯುತ್ತದೆ. ಅದರ ದಪ್ಪ ಮೂರು ನಾಲ್ಕು ಮಿಲಿಮೀಟರು ಮಾತ್ರ. ಆದರೂ ಮಾಗಿಯ ರಾತ್ರಿಯಲ್ಲಿ ನೆಲದ ಚಳಿಗೂ ನಮ್ಮ ಮೈಗೂ ನಡುವೆ ತಡೆಯಾಗಿ ನಿಲ್ಲುತ್ತದೆ. ಇವೆರಡೂ ಹೇಗೆ ಸಾಧ್ಯವಾದುವು? ಉತ್ತರವನ್ನು ಭೌತಶಾಸ್ತ್ರದಲ್ಲಿ ಹುಡುಕಬೇಕು. ಆದರೆ ಅದರ ಸುಳಿವು ನಮ್ಮ ಭಾಷೆಯಲ್ಲಿಯೇ ಅಡಗಿದೆ. ಆದಕಾರಣ ಮೊದಲು ಪದವನ್ನು ವಿಚಾರಿಸಿ, ಅನಂತರ ವಸ್ತುವಿಗೆ ಬರೋಣ.

ಪದದ ಬಳಗ

ಕನ್ನಡದ 'ಚಾಪೆ'ಗೆ ತೆಲುಗಿನಲ್ಲಿ 'ಚಾಪ' ಎಂಬ ಒಡಹುಟ್ಟು ಉಂಟು. ಬಯಲುಸೀಮೆಯ ಹಳ್ಳಿಗಳಲ್ಲಿ 'ಮಂದಲಿಗೆ' ಎಂಬ ಹೆಸರೂ ಕೇಳಿಬರುತ್ತದೆ. ತುಳುವಿನಲ್ಲಿ ಅದು 'ಪಜೆ', ಹಿಂದಿಯಲ್ಲಿ 'ಚಟಾಯಿ', ಸಂಸ್ಕೃತದಲ್ಲಿ 'ಕಟ'. ಸಂಸ್ಕೃತದ ವೈಯಾಕರಣರು ಕರ್ಮಕಾರಕವನ್ನು ವಿವರಿಸುವಾಗ ಚಾಪೆ ಮಾಡುವವನನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಶಿಷ್ಯರೆಲ್ಲರೂ ನಿತ್ಯ ಕಾಣುತ್ತಿದ್ದ ಕೆಲಸ ಅದಾಗಿದ್ದಿರಬೇಕು.

ತಮಿಳಿನಲ್ಲಿ ಚಾಪೆಗೆ 'ಪಾಯ್' ಎನ್ನುತ್ತಾರೆ, ಮಲಯಾಳದಲ್ಲಿ 'ಪಾಯ'. ಹಳಗನ್ನಡದ ಪಕಾರವು ಮುಂದೆ ಹಕಾರವಾದುದು ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿ: 'ಪಾಲು' ಹಾಲಾಯಿತು, 'ಪಾವು' ಹಾವಾಯಿತು, 'ಪಾಸು' ಹಾಸಾಯಿತು. 'ಪಾಸು' ಎಂದರೆ ಹರಡು. ಹಾಸಿಗೆ, ಹಾಸುಗಲ್ಲು ಮುಂತಾದುವು ಇದರ ಬಳಗವೇ. ಇನ್ನೊಂದು ಸ್ವಾರಸ್ಯವೆಂದರೆ, ತಮಿಳಿನಲ್ಲಿ 'ಪಾಯ್' ಎಂದರೆ ಚಾಪೆಯೂ ಹೌದು, ಹಡಗಿನ ಪಟವೂ ಹೌದು. ಆ ಪಟವನ್ನೇ ನಾವು 'ಹಾಯಿ' ಎನ್ನುತ್ತೇವೆ. ನೆಲದ ಮೇಲೆ ಹರಡಿದ್ದು ಚಾಪೆ, ಗಾಳಿಗೆದುರಾಗಿ ಹರಡಿದ್ದು ಹಾಯಿ. ಇದು ಕೇವಲ ಮಾತಿನ ಚಮತ್ಕಾರವಲ್ಲ. ಪೆಸಿಫಿಕ್ ಸಾಗರದ ದ್ವೀಪವಾಸಿಗಳು ಕೇದಗೆಯ ಜಾತಿಯ ಎಲೆಗಳಿಂದ ಹೆಣೆದ ಚಾಪೆಗಳನ್ನೇ ದೋಣಿಗಳಿಗೆ ಹಾಯಿಯಾಗಿ ಕಟ್ಟಿ ಸಾವಿರಾರು ಮೈಲಿ ಸಂಚರಿಸಿದರು.

ನೇಯ್ಗೆಯವರ ಮಾತಿನಲ್ಲಿ ಮಗ್ಗದ ಮೇಲೆ ಉದ್ದಕ್ಕೆ ಹರಡಿದ ಎಳೆಗಳು 'ಹಾಸು'. ಅವುಗಳ ನಡುವೆ ಅಡ್ಡಲಾಗಿ ಹೊಗುವ ಎಳೆ 'ಹೊಕ್ಕು'. ಇವೆರಡೂ ಕೂಡಿ 'ಹಾಸುಹೊಕ್ಕು'. ಬೇರ್ಪಡಿಸಲಾಗದಂತೆ ಬೆರೆತುದನ್ನು ಹಾಸುಹೊಕ್ಕಾಗಿದೆ ಎನ್ನುತ್ತೇವಷ್ಟೆ. ಚಾಪೆಯ ಬಲದ ಗುಟ್ಟು ಈ ಒಂದು ಮಾತಿನಲ್ಲಿದೆ.

ಗರಿ, ಹುಲ್ಲು, ಬಿದಿರು

ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಶಿವನಿಯು ಬೀರೂರು-ಚಿಕ್ಕಜಾಜೂರು ರೈಲು ಮಾರ್ಗದ ಒಂದು ನಿಲ್ದಾಣ. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಇಂಥ ಸೀಮೆಯಲ್ಲಿ ಚಾಪೆಯ ಸಾಮಗ್ರಿಗೆ ಬರವಿಲ್ಲ. ಹಳ್ಳದ ದಂಡೆಯ ಈಚಲು, ತೋಟದ ತೆಂಗು, ಕೆರೆಯಂಚಿನ ಜೊಂಡು, ಮಲೆನಾಡಿನ ಬಿದಿರು, ಹೀಗೆ ಒಂದೊಂದಕ್ಕೂ ಅದರದೇ ಉಪಯೋಗ. ಈಚಲು ಗರಿಯಿಂದ ಮಲಗುವ ಚಾಪೆ. ತೆಂಗಿನ ಗರಿಯ ಹೆಣಿಗೆಯಿಂದ ಚಪ್ಪರದ ಮರೆ. ಬಿದಿರಿನ ಸೀಳುಗಳಿಂದ ತಟ್ಟಿ. ಬೇಯಿಸಿದ ಅಡಕೆಯನ್ನು ನೆಲದಿಂದ ಎತ್ತರಿಸಿದ ತಟ್ಟಿಯ ಮೇಲೆ ಹರಡಿದರೆ ಮೇಲಿನಿಂದಲೂ ಕೆಳಗಿನಿಂದಲೂ ಗಾಳಿಯಾಡಿ ತೇವ ಬೇಗ ಆರುತ್ತದೆ. ಕರಾವಳಿಗೆ ಹೋದರೆ ಕೇದಗೆಯ ಬಳಗದ ಮುಂಡುಗದ ಎಲೆಯ ಚಾಪೆ ಕಾಣಸಿಗುತ್ತದೆ. ಬಿದಿರಿನ ಕೆಲಸದಲ್ಲಿ ಮೇದರೂ ಈಚಲಿನ ಕೆಲಸದಲ್ಲಿ ಕೊರಮರೂ ತಲೆತಲಾಂತರದಿಂದ ಪಳಗಿದವರು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕೋರೆಹುಲ್ಲಿನ ಚಾಪೆಯಲ್ಲಿ ನೂಲು ಹಾಸಾಗಿಯೂ ಹುಲ್ಲು ಹೊಕ್ಕಾಗಿಯೂ ಇರುತ್ತದೆ. ಅದನ್ನು ಮಗ್ಗದಲ್ಲಿ ನೇಯುತ್ತಾರೆ. ಈಚಲು ಚಾಪೆಯಲ್ಲಿ ಎರಡೂ ದಿಕ್ಕಿನವು ಗರಿಗಳೇ. ಅದನ್ನು ಮಗ್ಗವಿಲ್ಲದೆ ಬೆರಳಿನಿಂದ ಹೆಣೆಯುತ್ತಾರೆ. ರೀತಿ ಬೇರೆಯಾದರೂ ತತ್ತ್ವ ಒಂದೇ: ಪ್ರತಿಯೊಂದು ಎಳೆಯೂ ತನಗೆ ಅಡ್ಡ ಬಂದ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯ್ದುಹೋಗುತ್ತದೆ.

ಅಂಟಿಲ್ಲದ ಬಂಧ

ಬಿಗಿಯಾಗಿ ಹೆಣೆದ ಚಾಪೆಯ ನಡುವಿನಿಂದ ಒಂದೇ ಒಂದು ಗರಿಯನ್ನು ಎಳೆದು ತೆಗೆಯಲು ಯತ್ನಿಸಿ. ಗರಿ ಹರಿದೀತೇ ಹೊರತು ಸುಲಭವಾಗಿ ಹೊರಬಾರದು. ಅದನ್ನು ಹಿಡಿದಿರುವುದು ಘರ್ಷಣೆ. ಆದರೆ ಒಣಗಿದ ಎರಡು ಗರಿಗಳ ನಡುವಣ ಘರ್ಷಣೆ ಅಲ್ಪವಾದುದು. ಆ ಅಲ್ಪವು ಇಷ್ಟು ದೊಡ್ಡದಾದುದು ಹೇಗೆ?

ಹೋರಿಯನ್ನು ಹಿಡಿದ ರೈತನನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಅವನು ಹಗ್ಗವನ್ನು ಕೈಯಲ್ಲಷ್ಟೇ ಹಿಡಿದು ಹೋರಿಯೊಡನೆ ಸೆಣಸುವುದಿಲ್ಲ. ಹತ್ತಿರದ ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಹಿಡಿದುಕೊಳ್ಳುತ್ತಾನೆ. ಇದರ ಲೆಕ್ಕವನ್ನು 18ನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರನು ತಿಳಿಸಿಕೊಟ್ಟಿದ್ದಾನೆ. ಸುತ್ತಿನ ಕೋನ ಕೂಡುತ್ತ ಹೋದಂತೆ ಹಗ್ಗ ತಡೆಯಬಲ್ಲ ಬಲವು ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ 0.3 ಎಂದು ಇಟ್ಟುಕೊಂಡರೆ, ಅರ್ಧ ಸುತ್ತಿಗೆ ಬಲ 2.6 ಪಟ್ಟು; ಒಂದು ಸುತ್ತಿಗೆ 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ ಸುಮಾರು 285 ಪಟ್ಟು!

ಚಾಪೆಯ ಗರಿಯೂ ಇದನ್ನೇ ಮಾಡುತ್ತದೆ. ಪ್ರತಿ ದಾಟಿನಲ್ಲಿಯೂ ಅದು ಸ್ವಲ್ಪ ಬಾಗುತ್ತದೆ. ಒಂದು ದಾಟಿಗೆ 20 ಡಿಗ್ರಿ ಬಾಗಿತೆನ್ನೋಣ. 30 ದಾಟುಗಳಲ್ಲಿ ಒಟ್ಟು ಬಾಗು 600 ಡಿಗ್ರಿ, ಎಂದರೆ ಒಂದೂಮುಕ್ಕಾಲು ಸುತ್ತಿಗೆ ತುಸು ಕಡಮೆ. ಅದೇ ಘರ್ಷಣಾಂಕಕ್ಕೆ ಬಲ ಸುಮಾರು 23 ಪಟ್ಟಾಗುತ್ತದೆ. ಒಂದೊಂದು ದಾಟಿನ ಹಿಡಿತವೂ ಕ್ಷುಲ್ಲಕ. ಮೂವತ್ತರ ಹಿಡಿತ ಒಂದನ್ನೊಂದು ಗುಣಿಸಿದಾಗ ಬಂಧ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಹಗ್ಗದ ತುದಿಯನ್ನು ರೈತನು ಪೂರ್ತಿ ಬಿಟ್ಟುಬಿಟ್ಟರೆ, ಸೊನ್ನೆಯನ್ನು 43ರಿಂದ ಗುಣಿಸಿದರೂ ಸೊನ್ನೆಯೇ, ಹೋರಿ ಓಡಿಹೋಗುತ್ತದೆ. ಚಾಪೆಯಲ್ಲಿ ಗರಿಯ ತುದಿಯನ್ನು ಹಿಡಿಯುವವರಾರು? ಬಾಗಿದ ಗರಿ ನೆಟ್ಟಗಾಗಲು ಯತ್ನಿಸುತ್ತ ನೆರೆಯ ಗರಿಯನ್ನು ಒತ್ತುವುದರಿಂದ ಕೊಂಚ ಹಿಡಿತವುಂಟು. ಅದು ಸಾಲದೆಂದೇ ಹೆಣೆಯುವವರು ಅಂಚಿನ ತುದಿಗಳನ್ನು ಹಿಂದಕ್ಕೆ ಮಡಚಿ ಹೆಣಿಗೆಯೊಳಗೆ ತೂರಿಸುತ್ತಾರೆ, ಇಲ್ಲವೆ ಅಂಚಿಗೆ ಬಟ್ಟೆ ಕಟ್ಟಿ ಹೊಲಿಯುತ್ತಾರೆ. ಚಾಪೆ ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ಅಂಚಿನಿಂದಲೇ ಎಂಬುದನ್ನು ನೀವು ಕಂಡಿರಬಹುದು. ಗರಿಯನ್ನು ನೆನೆಸಿ ಹೆಣೆಯುವುದಕ್ಕೂ ಕಾರಣವಿದೆ: ಒದ್ದೆ ಗರಿ ಮುರಿಯದೆ ಬಾಗುತ್ತದೆ, ಒಣಗಿದ ಮೇಲೆ ಆ ಬಾಗು ಹಾಗೆಯೇ ನಿಲ್ಲುತ್ತದೆ. ಆಯ್ಲರನ ಹೆಸರು ಕೇಳದ ಕೈಗಳು ಈ ನಿಯಮವನ್ನು ಅನುಭವದಿಂದ ಕಂಡುಕೊಂಡಿವೆ.

ಚಳಿಗೆ ತಡೆ

ಮುಂಜಾನೆ ಬರಿಗಾಲನ್ನು ಕಲ್ಲಿನ ನೆಲದ ಮೇಲಿಟ್ಟರೆ ತಣ್ಣಗೆ, ಪಕ್ಕದ ಚಾಪೆಯ ಮೇಲಿಟ್ಟರೆ ಬೆಚ್ಚಗೆ. ಆದರೆ ಉಷ್ಣಮಾಪಕವನ್ನು ಇಟ್ಟು ನೋಡಿದರೆ ಎರಡರ ಉಷ್ಣತೆಯೂ ಒಂದೇ! ಪಾದಕ್ಕೆ ತಿಳಿಯುವುದು ಉಷ್ಣತೆಯಲ್ಲ, ಪಾದದಿಂದ ಶಾಖ ಹರಿದುಹೋಗುವ ವೇಗ.

ಒಂದು ಮೀಟರು ದಪ್ಪದ, ಒಂದು ಚದರ ಮೀಟರು ವಿಸ್ತಾರದ ಹಲಗೆಯ ಎರಡು ಮುಖಗಳ ನಡುವೆ ಒಂದು ಡಿಗ್ರಿ ಉಷ್ಣತೆಯ ಅಂತರವಿದ್ದಾಗ ಎಷ್ಟು ವಾಟ್ ಶಾಖ ಹರಿಯುತ್ತದೆಯೋ ಅದು ಆ ವಸ್ತುವಿನ ಉಷ್ಣವಾಹಕತೆ. ಗ್ರಾನೈಟ್ ಕಲ್ಲಿಗೆ ಇದು 2.5ರಿಂದ 3, ಅಲುಗದ ಗಾಳಿಗೆ 0.026. ಗಾಳಿಗಿಂತ ಕಲ್ಲು ಸುಮಾರು ನೂರು ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಚಾಪೆ ಬೆಚ್ಚಗಿರುವುದು ಗರಿಯಿಂದಷ್ಟೇ ಅಲ್ಲ. ಹೆಣಿಗೆಯ ಸಂದುಗಳಲ್ಲಿಯೂ ಗರಿಯ ಒಡಲಿನಲ್ಲಿಯೂ ಸೆರೆಯಾದ ಗಾಳಿಯಿಂದ.

ಒಂದು ಸ್ಥೂಲವಾದ ಲೆಕ್ಕ ಮಾಡೋಣ. 3 ಮಿಲಿಮೀಟರು ದಪ್ಪದ ಚಾಪೆಯ ವಾಹಕತೆ 0.06 ಎಂದಿರಲಿ, ಮಲಗಿದವನ ಮೈ 0.4 ಚದರ ಮೀಟರಿನಷ್ಟು ತಾಗಿರಲಿ. ಮೈಗೂ ನೆಲಕ್ಕೂ 12 ಡಿಗ್ರಿ ಅಂತರವಿರಲಿ. ಹರಿಯುವ ಶಾಖ 96 ವಾಟ್. ನಿದ್ರಿಸುವ ವಯಸ್ಕನ ದೇಹ ಉತ್ಪಾದಿಸುವುದು 70ರಿಂದ 80 ವಾಟ್ ಮಾತ್ರ. ನೆಲವು ಬರಬರುತ್ತ ಬೆಚ್ಚಗಾಗುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕಡಮೆ. ಆದರೂ ಮಾಗಿಯಲ್ಲಿ ಚಾಪೆಯೊಂದೇ ಸಾಲದೆಂಬುದು ಸ್ಪಷ್ಟ. ಈಗ ಅದರ ಮೇಲೆ 6 ಮಿಲಿಮೀಟರು ದಪ್ಪದ, 0.04 ವಾಹಕತೆಯ ಉಣ್ಣೆಯ ಕಂಬಳಿಯನ್ನು ಹಾಸಿ. ಶಾಖದ ಹರಿವು 24 ವಾಟಿಗೆ, ಎಂದರೆ ನಾಲ್ಕರಲ್ಲಿ ಒಂದು ಭಾಗಕ್ಕೆ, ಇಳಿಯುತ್ತದೆ. ಚಾಪೆಯ ಮೇಲೆ ಚಳ್ಳಕೆರೆಯ ಕಂಬಳಿ ಹಾಸಿ ಮಲಗಿದ ಹಿರಿಯರ ಪದ್ಧತಿಯಲ್ಲಿ ಈ ಲೆಕ್ಕವೇ ಅಡಗಿದೆ.

ಇಂದು ಈ ವಿಚಾರಕ್ಕೆ ಹೆಚ್ಚಿನ ಮಹತ್ವ ಬಂದಿದೆ. ಸೆಗಣಿ ಸಾರಿಸಿದ ಮಣ್ಣಿನ ನೆಲಗಳು ಹೋಗಿ ಗ್ರಾನೈಟ್, ಟೈಲ್ಸ್ ನೆಲಗಳು ಬಂದಿವೆ. ಒಣಮಣ್ಣಿಗಿಂತ ಗ್ರಾನೈಟ್ ಹಲವು ಪಟ್ಟು ಹೆಚ್ಚು ಶಾಖವಾಹಕ. ಎಳೆಯ ಮಕ್ಕಳೂ ವೃದ್ಧರೂ ಇಂಥ ನೆಲದ ಮೇಲೆ ಕುಳಿತು ಮಲಗುವ ಮನೆಗಳಲ್ಲಿ ಚಾಪೆಯ ಅಗತ್ಯ ಮೊದಲಿಗಿಂತ ಹೆಚ್ಚಿದೆ. ಆದರೆ ಇದೇ ಕಾಲದಲ್ಲಿ ಗರಿಯ ಚಾಪೆ ಮನೆಯಿಂದ ಮರೆಯಾಗುತ್ತಿದೆ. ಅದರ ಸ್ಥಾನಕ್ಕೆ ಬಂದ ಪ್ಲಾಸ್ಟಿಕ್ ಚಾಪೆಯನ್ನು ಹಳಿಯಬೇಕಾಗಿಲ್ಲ. ಅದು ಅಗ್ಗ, ತೊಳೆಯಲು ಸುಲಭ. ಅದರ ಟೊಳ್ಳು ಕಡ್ಡಿಗಳೂ ಗಾಳಿಯನ್ನು ಸೆರೆಹಿಡಿಯುತ್ತವೆ. ಆದರೆ ಗರಿಯಂತೆ ಬೆವರನ್ನು ಹೀರದು; ಬಿಸಿಲಿಗೆ ಪೆಡಸಾಗಿ ಮುರಿದರೆ ಗರಿಯಂತೆ ಮಣ್ಣಿನಲ್ಲಿ ಕರಗದು.

'ಮ್ಯಾಟ್' ಎಂಬ ಅತಿಥಿ

ಇಂಗ್ಲಿಷಿನ 'ಮ್ಯಾಟ್' ಲ್ಯಾಟಿನಿನ 'ಮತ್ತ' ಎಂಬ, ಚಾಪೆ ಎಂದೇ ಅರ್ಥವುಳ್ಳ ಪದದಿಂದ ಬಂದುದು. ಅದೀಗ ಕನ್ನಡದೊಳಗೂ ಹೊಕ್ಕಿದೆ. ಆದರೆ 'ಚಾಪೆ' ಎಂದಾಗ ಹೆಣಿಗೆ ನೆನಪಾದರೆ, 'ಮ್ಯಾಟ್' ಎಂದಾಗ ಬಹುವೇಳೆ ಹೆಣಿಗೆಯೇ ಇರುವುದಿಲ್ಲ. ವಿದ್ಯುತ್ ಫಲಕದ ಮುಂದೆ ಹಾಸುವ ಮ್ಯಾಟ್ ಅವಾಹಕವಾದ ಹಾಳೆ. ಅದಕ್ಕೆ 2006ರ ಭಾರತೀಯ ಮಾನಕವೇ ಉಂಟು. ಸೊಳ್ಳೆ ಓಡಿಸುವ ಮ್ಯಾಟ್ ಔಷಧ ಹೀರಿದ ಒಂದು ರಟ್ಟಿನ ತುಂಡು. ಕುಸ್ತಿಯ ಮ್ಯಾಟ್ ಬೀಳುವವನ ಮೈ ನಿಲ್ಲುವ ದೂರವನ್ನು ಹೆಚ್ಚಿಸಿ ಪೆಟ್ಟನ್ನು ಕುಗ್ಗಿಸುವ ಮೆತ್ತೆ.

ಛಾಯಾಚಿತ್ರಗಾರರು ಹೊಳಪಿಲ್ಲದ ಮೇಲ್ಮೈಗೆ ಹೇಳುವ 'ಮ್ಯಾಟ್' ಮಾತ್ರ ಈ ಕುಲದ್ದಲ್ಲ. ಅದು 'ಸೋತ, ಕಳೆಗುಂದಿದ' ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದುದು. ಧ್ವನಿ ಒಂದಾದ ಮಾತ್ರಕ್ಕೆ ಬೇರು ಒಂದೆನ್ನಲಾಗದು.

ಹಾಸುಹೊಕ್ಕಿನ ತತ್ತ್ವವಾದರೋ ಹೊಸ ಹೊಸ ರೂಪಗಳಲ್ಲಿ ಮುಂದುವರಿದಿದೆ. ಬಿದಿರಿನ ತಟ್ಟಿಗಳನ್ನು ಅಂಟಿನೊಡನೆ ಒತ್ತಿ ಹಲಗೆಯನ್ನೂ ಸೂರಿನ ತಗಡನ್ನೂ ಮಾಡುವ ವಿಧಾನವನ್ನು ಬೆಂಗಳೂರಿನ ಪ್ಲೈವುಡ್ ಸಂಶೋಧನ ಸಂಸ್ಥೆ ಬೆಳೆಸಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನಲ್ಲಿ, ತೂಕದ ಲೆಕ್ಕದಲ್ಲಿ, ಸುಮಾರು ಶೇಕಡ 45 ಭಾಗ ಸಂಯುಕ್ತ ವಸ್ತುಗಳು. ಎಂದರೆ ಇಂಗಾಲದ ಎಳೆಗಳ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಇಟ್ಟು ರಾಳದಿಂದ ಬೆಸೆದುವು. ದಿಕ್ಕು ಬದಲಾಯಿಸುವುದೇಕೆ ಎಂಬುದನ್ನು ನೀವೇ ಪರೀಕ್ಷಿಸಬಹುದು.

ಎರಡು ಪ್ರಯೋಗಗಳು

ಒಂದು: ಒಂದು ಬೆರಳಗಲದ ಕಾಗದದ ಪಟ್ಟಿಗಳು ಇಪ್ಪತ್ತನ್ನು ತೆಗೆದುಕೊಂಡು, ಹತ್ತು ಉದ್ದಕ್ಕೆ, ಹತ್ತು ಅಡ್ಡಕ್ಕೆ ಹೆಣೆಯಿರಿ. ಪಟ್ಟಿಯ ದಿಕ್ಕಿನಲ್ಲಿಯೇ ಎಳೆದರೆ ಹೆಣಿಗೆ ಅಷ್ಟಾಗಿ ಹಿಗ್ಗದು. ಮೂಲೆಯಿಂದ ಮೂಲೆಗೆ ಎಳೆದರೆ ಚೌಕಗಳು ಓರೆಯಾಗಿ ಇಡೀ ಚಾಪೆ ಸೊಟ್ಟಗಾಗುತ್ತದೆ. ಆ ದಿಕ್ಕಿನಲ್ಲಿ ಎಳೆಗಳಿಲ್ಲದಿರುವುದೇ ಇದಕ್ಕೆ ಕಾರಣ. ಓರೆಯಾಗಿ ಇನ್ನೊಂದು ಪದರವನ್ನು ಅಂಟಿಸಿ ಮತ್ತೆ ಎಳೆದು ನೋಡಿ.

ಎರಡು: ಒಂದೇ ಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳಲ್ಲಿ ಒಂದನ್ನು ಕಲ್ಲಿನ ನೆಲದ ಮೇಲೂ ಇನ್ನೊಂದನ್ನು ಮಡಚಿದ ಚಾಪೆಯ ಮೇಲೂ ಇಡಿ. 'ತಣ್ಣಗಿನ' ಕಲ್ಲಿನ ಮೇಲಿರುವುದೇ ಬೇಗ ಕರಗುತ್ತದೆ. ಏಕೆಂಬುದನ್ನು ಮೇಲಿನ ವಿವರಣೆಯಿಂದ ಊಹಿಸಿ ಬರೆದಿಡಿ.

ಇದರೊಡನೆ ಮೂರನೆಯ ಕೆಲಸವೂ ಇದೆ. ಅದಕ್ಕೆ ಉಪಕರಣ ಬೇಡ. ನಿಮ್ಮ ಊರಿನಲ್ಲಿ ಚಾಪೆ ಹೆಣೆಯಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು, ಗರಿಯನ್ನು ಯಾವ ತಿಂಗಳಲ್ಲಿ ಕೊಯ್ಯುವರು, ಎಷ್ಟು ಹೊತ್ತು ನೆನೆಸುವರು, ಅಂಚು ಕಟ್ಟುವುದಕ್ಕೆ ಏನೆನ್ನುವರು ಎಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಆ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಪ್ರಯೋಗದ ಫಲಿತಾಂಶವಿದೆ. ಹೆಣೆಯುವ ಕೈ ನಿಂತಾಗ ಆ ಮಾತುಗಳೂ ನಿಲ್ಲುತ್ತವೆ. ಅಷ್ಟರೊಳಗೆ ಅವು ನಿಮ್ಮ ಪುಸ್ತಕವನ್ನು ಸೇರಿರಲಿ.